ಜೇನಿನ ಸಂಯುಕ್ತಗಳು ಮತ್ತು ಮಧುಮೇಹದ ಉರಿಯೂತ: ಪ್ರಯೋಗಾಲಯದಿಂದ ಚಮಚದವರೆಗಿನ ದಾರಿ

ಜೇನುತುಪ್ಪದಲ್ಲಿರುವ ಕೆಲವು ಸಸ್ಯಜನ್ಯ ಸಂಯುಕ್ತಗಳು ಮಧುಮೇಹದೊಂದಿಗೆ ತಳುಕು ಹಾಕಿಕೊಂಡಿರುವ ಉರಿಯೂತವನ್ನು ತಗ್ಗಿಸಬಲ್ಲವು ಎಂಬ ಸಂಶೋಧನಾ ಸುದ್ದಿ ಆಗಾಗ ಪ್ರಕಟವಾಗುತ್ತಿರುತ್ತದೆ. ಆ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ದಾಟಿ ಅಡುಗೆಮನೆಯನ್ನು ತಲುಪುವಷ್ಟರಲ್ಲಿ "ಸಕ್ಕರೆ ಕಾಯಿಲೆಯವರು ಜೇನು ತಿನ್ನಬಹುದಂತೆ" ಎಂಬ ಒಂದೇ ಸಾಲಾಗಿ ಉಳಿದಿರುತ್ತದೆ. ಮೊದಲನೆಯ ಮಾತಿಗೆ ವಿಜ್ಞಾನದಲ್ಲಿ ಗಟ್ಟಿಯಾದ ಆಧಾರವಿದೆ. ಆದರೆ ಎರಡನೆಯ ಮಾತು ಅದರಿಂದ ತಾನಾಗಿ ಹೊರಡುವುದಿಲ್ಲ. ಇವೆರಡರ ನಡುವೆ ಹಲವು ಮೆಟ್ಟಿಲುಗಳಿದ್ದು, ಪ್ರತಿಯೊಂದರಲ್ಲೂ ಏನಾಗುತ್ತದೆ ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಇದು ಎಷ್ಟು ಮನೆಗಳ ಪ್ರಶ್ನೆ ಎಂಬುದಕ್ಕೆ ಒಂದು ಅಂಕಿಅಂಶ ಸಾಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಕಾಯಿಲೆಯ ಹೆಸರಿನಲ್ಲೇ "ಮಧು" ಇರುವುದು ಮೂತ್ರ ಜೇನಿನಂತೆ ಸಿಹಿಯಾಗುವುದನ್ನು ನಮ್ಮ ಹಳೆಯ ವೈದ್ಯರು ಗಮನಿಸಿದ್ದರಿಂದ. ಅದೇ ಪರಂಪರೆಯ ಅಷ್ಟಾಂಗಹೃದಯವು ಜೇನಿನ ಗುಣಗಳನ್ನು ಹೇಳುವಾಗ ಅದು ಮೇಹವನ್ನು ಗೆಲ್ಲುವ ಪದಾರ್ಥವೆಂದೂ ಹೇಳುತ್ತದೆ. ಹೀಗಾಗಿ ಜೇನು ಮತ್ತು ಮಧುಮೇಹದ ಸಂಬಂಧದ ಬಗೆಗಿನ ಗೊಂದಲವನ್ನು ವಾಟ್ಸ್ಯಾಪ್ ಹುಟ್ಟುಹಾಕಿದ್ದೆಂದು ತಳ್ಳಿಹಾಕಲು ಬರುವುದಿಲ್ಲ. ಅದಕ್ಕೆ ಉದ್ದದ ಇತಿಹಾಸವಿದೆ.

ಬೂದಿ ಮುಚ್ಚಿದ ಕೆಂಡ

ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ಉರಿ ಮತ್ತು ಊತ ಸೇರಿಯೇ ಉರಿಯೂತವೆಂಬ ಪದವಾಗಿದೆ. ಗಾಯವಾದ ಜಾಗಕ್ಕೆ ರಕ್ತದ ಹರಿವು ಹೆಚ್ಚುತ್ತದೆ, ಬಿಳಿ ರಕ್ತಕಣಗಳು ಧಾವಿಸುತ್ತವೆ, ರೋಗಾಣುಗಳನ್ನು ನುಂಗುತ್ತವೆ; ಕೆಲಸ ಮುಗಿದ ಮೇಲೆ ಎಲ್ಲವೂ ಶಾಂತವಾಗುತ್ತದೆ. ಇದು ದೇಹದ ರಕ್ಷಣಾ ಕ್ರಮ, ಇದಿಲ್ಲದೆ ನಾವು ಬದುಕಲಾರೆವು.

ಮಧುಮೇಹದಲ್ಲಿ ಮಾತಿಗೆ ಬರುವ ಉರಿಯೂತ ಬೇರೆ ಬಗೆಯದು. ಅಲ್ಲಿ ನೋವಿಲ್ಲ, ಕಣ್ಣಿಗೆ ಕಾಣುವ ಊತವಿಲ್ಲ, ಜ್ವರವೂ ಇಲ್ಲ. ಅದು ಬೂದಿ ಮುಚ್ಚಿದ ಕೆಂಡದಂತೆ ವರ್ಷಗಟ್ಟಲೆ ಸಣ್ಣಗೆ ಉರಿಯುತ್ತಿರುತ್ತದೆ. ಅದರ ಸುಳಿವು ಸಿಗುವುದು ರಕ್ತಪರೀಕ್ಷೆಯಲ್ಲಿ ಮಾತ್ರ: ಸಿ-ರಿಯಾಕ್ಟಿವ್ ಪ್ರೋಟೀನ್, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್-ಆಲ್ಫಾ ಮುಂತಾದ ಪದಾರ್ಥಗಳು ಇರಬೇಕಾದ್ದಕ್ಕಿಂತ ತುಸು ಹೆಚ್ಚಾಗಿರುತ್ತವೆ. ಇವುಗಳಲ್ಲಿ ಕೊನೆಯ ಎರಡು ಸೈಟೋಕೈನ್ ಎಂಬ ಗುಂಪಿಗೆ ಸೇರಿದವು. ಒಂದು ಜೀವಕೋಶವು ಇನ್ನೊಂದಕ್ಕೆ "ಇಲ್ಲಿ ಅಪಾಯವಿದೆ" ಎಂದು ಕಳುಹಿಸುವ ಓಲೆಗಳೆಂದು ಸೈಟೋಕೈನ್‌ಗಳನ್ನು ತಿಳಿಯಬಹುದು.

ಈ ಕೆಂಡ ಹೊತ್ತಿಕೊಳ್ಳುವ ಮುಖ್ಯ ಜಾಗ ಹೊಟ್ಟೆಯ ಸುತ್ತಲಿನ ಕೊಬ್ಬು. ಕೊಬ್ಬಿನ ಕೋಶಗಳು ಮಿತಿಮೀರಿ ಹಿಗ್ಗಿದಾಗ ಅವುಗಳಿಗೆ ಆಮ್ಲಜನಕ ಸಾಲದೆ ಕೆಲವು ಸಾಯತೊಡಗುತ್ತವೆ. ಅವುಗಳನ್ನು ತೆರವುಗೊಳಿಸಲು ಬರುವ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಅಲ್ಲೇ ಬೀಡುಬಿಟ್ಟು ಅಪಾಯದ ಓಲೆಗಳನ್ನು ಕಳುಹಿಸುತ್ತಲೇ ಇರುತ್ತವೆ.

ಉರಿಯೂತವು ಇನ್ಸುಲಿನ್‌ಗೆ ಅಡ್ಡ ಬರುವುದು ಹೇಗೆ

ಇನ್ಸುಲಿನ್ ಮಾಡುವ ಕೆಲಸವನ್ನು ಮನೆಯ ಕರೆಗಂಟೆಗೆ ಹೋಲಿಸಬಹುದು. ಊಟದ ನಂತರ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ಸುಲಿನ್ ಬಿಡುಗಡೆ ಮಾಡುತ್ತವೆ. ಅದು ಸ್ನಾಯುವಿನ ಮತ್ತು ಕೊಬ್ಬಿನ ಕೋಶಗಳ ಹೊರಗಿರುವ ಗುಂಡಿಯನ್ನು ಒತ್ತುತ್ತದೆ. ಒಳಗಿನ ತಂತಿಯ ಮೂಲಕ ಸಂಕೇತ ಹರಿದು ಗ್ಲೂಕೋಸ್‌ಗೆ ಬಾಗಿಲು ತೆರೆಯುತ್ತದೆ. ಉರಿಯೂತದ ಓಲೆಗಳು ಕೋಶದ ಒಳಗೆ ಎಬ್ಬಿಸುವ ರಾಸಾಯನಿಕ ಕ್ರಿಯೆಗಳು ಈ ತಂತಿಯನ್ನೇ ಹಾಳುಗೆಡಹುತ್ತವೆ. ಗುಂಡಿ ಒತ್ತಿದರೂ ಒಳಗೆ ಗಂಟೆ ಸರಿಯಾಗಿ ಕೇಳಿಸುವುದಿಲ್ಲ. ಇದನ್ನೇ ವೈದ್ಯರು ಇನ್ಸುಲಿನ್ ಪ್ರತಿರೋಧವೆನ್ನುತ್ತಾರೆ. ಬೊಜ್ಜಿರುವ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್-ಆಲ್ಫಾ ಹೆಚ್ಚಿರುವುದನ್ನೂ ಅದನ್ನು ನಿಷ್ಕ್ರಿಯಗೊಳಿಸಿದರೆ ಇನ್ಸುಲಿನ್ ಮತ್ತೆ ಚೆನ್ನಾಗಿ ಕೆಲಸ ಮಾಡುವುದನ್ನೂ ಅಮೆರಿಕದ ಸಂಶೋಧಕರು 1993ರಲ್ಲಿ ತೋರಿಸಿದರು. ಮಧುಮೇಹವನ್ನು ಉರಿಯೂತದ ಕಣ್ಣಿನಿಂದ ನೋಡುವ ಇಂದಿನ ಸಂಶೋಧನೆಯ ಬಹುಭಾಗ ಅಲ್ಲಿಂದ ಬೆಳೆದದ್ದು.

ಈ ಕಥೆಯಲ್ಲಿ ಇನ್ನೊಂದು ಹೆಸರು ಮತ್ತೆ ಮತ್ತೆ ಬರುತ್ತದೆ. ಅದು ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್. ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಇದನ್ನು 1986ರಲ್ಲಿ ಗುರುತಿಸಿದರು. ಇದನ್ನು ಡಂಗುರ ಸಾರುವವನೆಂದು ಭಾವಿಸಿಕೊಳ್ಳಿ. ಶಾಂತಿಯ ಕಾಲದಲ್ಲಿ ಕಾವಲಿನ ಪ್ರೋಟೀನ್ ಒಂದು ಅವನನ್ನು ಕೋಶಕೇಂದ್ರದ ಹೊರಗೇ ಕಟ್ಟಿಹಾಕಿರುತ್ತದೆ. ಅಪಾಯದ ಸಂಕೇತ ಬಂದಾಗ ಆ ಕಟ್ಟು ಬಿಚ್ಚಿಕೊಂಡು, ಅವನು ಕೇಂದ್ರದೊಳಗೆ ನುಗ್ಗಿ, ಉರಿಯೂತದ ಪದಾರ್ಥಗಳನ್ನು ತಯಾರಿಸುವ ವಂಶವಾಹಿಗಳಿಗೆಲ್ಲ ಏಕಕಾಲಕ್ಕೆ ಕರೆ ಕೊಡುತ್ತಾನೆ. ಜೇನಿನ ಸಂಯುಕ್ತಗಳ ಬಗೆಗಿನ ಪ್ರಯೋಗಗಳಲ್ಲಿ ಹೆಚ್ಚಿನವು ಈ ಕಟ್ಟು ಬಿಚ್ಚದಂತೆ ತಡೆಯಬಹುದೇ ಎಂಬ ಪ್ರಶ್ನೆಯ ಸುತ್ತಲೇ ಇವೆ.

ಸಂಬಂಧ ಒಮ್ಮುಖವಾಗಿದ್ದರೆ ವಿಷಯ ಸುಲಭವಾಗಿರುತ್ತಿತ್ತು. ಉರಿಯೂತದಿಂದ ರಕ್ತದ ಸಕ್ಕರೆ ಏರುತ್ತದೆ. ಏರಿದ ಸಕ್ಕರೆಯೂ ಉರಿಯೂತವನ್ನು ಕೆದಕುತ್ತದೆ. ಹಂಚಿನ ಮೇಲೆ ಹೋಳಿಗೆ ಕಂದುಬಣ್ಣಕ್ಕೆ ತಿರುಗುವುದು ಸಕ್ಕರೆಯೂ ಪ್ರೋಟೀನೂ ಬೆಸೆದುಕೊಳ್ಳುವುದರಿಂದ. ಅದೇ ಜಾತಿಯ ಬೆಸುಗೆ ದೇಹದ ಉಷ್ಣತೆಯಲ್ಲಿ ಬಹಳ ನಿಧಾನವಾಗಿ ನಮ್ಮೊಳಗೂ ನಡೆಯುತ್ತದೆ. ಮೂರು ತಿಂಗಳ ಸರಾಸರಿ ತಿಳಿಯಲು ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು ಇದನ್ನೇ, ಅಂದರೆ ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ಗ್ಲೂಕೋಸ್ ಅನ್ನು. ಇಂತಹ ಬೆಸುಗೆ ಮುಂದುವರಿದು ಉಂಟಾಗುವ ಪದಾರ್ಥಗಳು ರಕ್ತನಾಳ, ಮೂತ್ರಪಿಂಡ ಮತ್ತು ಕಣ್ಣಿನ ಕೋಶಗಳ ಮೇಲಿನ ಗ್ರಾಹಕಗಳನ್ನು ಕೆಣಕಿ ಎನ್‌ಎಫ್-ಕಪ್ಪಾ-ಬಿ ಎಂಬ ಡಂಗುರದವನನ್ನು ಮತ್ತೆ ಎಬ್ಬಿಸುತ್ತವೆ. ಜೊತೆಗೆ, ಅತಿಯಾದ ಗ್ಲೂಕೋಸ್ ಅನ್ನು ಉರಿಸುವ ಕೋಶಗಳಲ್ಲಿ ಚಂಚಲವಾದ ಆಮ್ಲಜನಕದ ಕಣಗಳು ಹೆಚ್ಚುತ್ತವೆ. ಇದಕ್ಕೆ ಉತ್ಕರ್ಷಣ ಒತ್ತಡವೆಂದು ಹೆಸರು. ಜೇನಿನ ವಿಚಾರದಲ್ಲಿ ಈ ಎರಡನೆಯ ದಿಕ್ಕನ್ನು, ಅಂದರೆ ಸಕ್ಕರೆಯೇ ಕೆಂಡಕ್ಕೆ ಗಾಳಿ ಊದುತ್ತದೆ ಎಂಬುದನ್ನು ಮರೆಯಬಾರದು.

ಹಾಗಾದರೆ ಉರಿಯೂತವನ್ನು ತಗ್ಗಿಸಿದರೆ ಮನುಷ್ಯರಲ್ಲಿ ಮಧುಮೇಹ ಹತೋಟಿಗೆ ಬರುತ್ತದೆಯೇ? ಔಷಧಗಳಿಂದ ಇದನ್ನು ಪರೀಕ್ಷಿಸಲಾಗಿದೆ, ಉತ್ತರ ಮಿಶ್ರವಾಗಿದೆ. ಆಸ್ಪಿರಿನ್‌ನ ಬಂಧುವಾದ ಸಾಲ್ಸಲೇಟ್ ಎಂಬ ಔಷಧ 2013ರಲ್ಲಿ ಪ್ರಕಟವಾದ 48 ವಾರಗಳ ಪರೀಕ್ಷೆಯಲ್ಲಿ ಎಚ್‌ಬಿಎ1ಸಿಯನ್ನು ಶೇ. 0.37 ಅಂಶದಷ್ಟು ಇಳಿಸಿತು. ಇಂಟರ್‌ಲ್ಯೂಕಿನ್-1 ಅನ್ನು ತಡೆಯುವ ಅನಕಿನ್ರಾ ಕೂಡ 2007ರ ಒಂದು ಪರೀಕ್ಷೆಯಲ್ಲಿ ಸ್ವಲ್ಪ ಇಳಿಕೆ ತೋರಿಸಿತು. ಆದರೆ ಅದೇ ಗುರಿಯ ಇನ್ನೊಂದು ಔಷಧವಾದ, ಹತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ಮೇಲೆ ಪರೀಕ್ಷಿಸಲಾದ ಕನಕಿನುಮ್ಯಾಬ್ ಹೃದಯಾಘಾತಗಳನ್ನು ಕಡಿಮೆ ಮಾಡಿತೇ ಹೊರತು ಹೊಸದಾಗಿ ಮಧುಮೇಹ ಬರುವುದನ್ನು ತಡೆಯಲಿಲ್ಲ. ನೇರವಾಗಿ ಗುರಿಯಿಟ್ಟು ಮಾಡಿದ ಔಷಧಗಳ ಫಲವೇ ಇಷ್ಟಿರುವಾಗ ಆಹಾರದ ಒಂದು ಅಂಶದಿಂದ ಏನನ್ನು ನಿರೀಕ್ಷಿಸಬಹುದು ಎಂಬುದಕ್ಕೆ ಇದೊಂದು ಅಳತೆಗೋಲು.

ಜೇನಿನಲ್ಲಿ ಏನೇನಿದೆ

ನೂರು ಗ್ರಾಂ ಜೇನಿನಲ್ಲಿ ಸರಾಸರಿ 38 ಗ್ರಾಂ ಫ್ರಕ್ಟೋಸ್, 31 ಗ್ರಾಂ ಗ್ಲೂಕೋಸ್ ಮತ್ತು ಸುಮಾರು 17 ಗ್ರಾಂ ನೀರಿರುತ್ತದೆ. ಮಾಲ್ಟೋಸ್ ಮೊದಲಾದ ಇತರ ಸಕ್ಕರೆಗಳನ್ನು ಕೂಡಿಸಿದರೆ ಸಕ್ಕರೆಯ ಪಾಲು 80 ಗ್ರಾಂ ಮುಟ್ಟುತ್ತದೆ. ಉಳಿದ ಚೂರಿನಲ್ಲಿ ಆಮ್ಲಗಳು, ಖನಿಜಗಳು, ಜೇನ್ನೊಣಗಳು ಸೇರಿಸಿದ ಕಿಣ್ವಗಳು, ಒಂದಿಷ್ಟು ಪ್ರೋಟೀನ್ ಮತ್ತು ಪರಾಗ ಇವೆ. ಸಂಶೋಧಕರ ಕಣ್ಣು ಬಿದ್ದಿರುವುದು ಈ ಚೂರಿನಲ್ಲೂ ಒಂದು ಚೂರಾದ ಪಾಲಿಫಿನಾಲ್‌ಗಳ ಮೇಲೆ.

ಪಾಲಿಫಿನಾಲ್ ಎಂದರೆ ಗಿಡಗಳು ಬಿಸಿಲು, ಕೀಟ ಮತ್ತು ಶಿಲೀಂಧ್ರಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ತಯಾರಿಸಿಕೊಳ್ಳುವ ಸಂಯುಕ್ತಗಳ ದೊಡ್ಡ ಕುಟುಂಬ. ಚಹಾದ ಒಗರು, ನೆಲ್ಲಿಕಾಯಿಯ ಒಗರು, ಈರುಳ್ಳಿ ಸಿಪ್ಪೆಯ ಬಣ್ಣ ಇವುಗಳಲ್ಲೆಲ್ಲ ಅವುಗಳ ಪಾಲಿದೆ. ಜೇನಿಗೆ ಇವು ಮಕರಂದ ಮತ್ತು ಪರಾಗದಿಂದ ಬರುತ್ತವೆ. ಕೆಲವು, ನೊಣಗಳು ಮರಗಳಿಂದ ತಂದು ಗೂಡಿಗೆ ಮೆತ್ತುವ ಅಂಟಿನಿಂದಲೂ ಬರುತ್ತವೆ. ಕ್ವೆರ್ಸೆಟಿನ್, ಕೆಂಪ್‌ಫೆರಾಲ್, ಕ್ರೈಸಿನ್, ಪಿನೋಸೆಂಬ್ರಿನ್, ಗಲಾಂಜಿನ್, ಲ್ಯೂಟಿಯೋಲಿನ್ ಎಂಬ ಫ್ಲೇವನಾಯ್ಡ್‌ಗಳು ಮತ್ತು ಕೆಫೀಕ್, ಗ್ಯಾಲಿಕ್, ಫೆರುಲಿಕ್ ಆಮ್ಲಗಳು ಜೇನಿನಲ್ಲಿ ಹೆಚ್ಚಾಗಿ ಗುರುತಿಸಲ್ಪಟ್ಟಿರುವಂಥವು.

ಹೂವು ಬದಲಾದರೆ ಪಾಲಿಫಿನಾಲ್‌ನ ಪ್ರಮಾಣವೂ ಬದಲಾಗುತ್ತದೆ. ಸಾಮಾನ್ಯವಾಗಿ ಬಣ್ಣ ಗಾಢವಾದಷ್ಟೂ ಪಾಲಿಫಿನಾಲ್ ಹೆಚ್ಚು. ನಮ್ಮ ಮಲೆನಾಡಿನಲ್ಲಿ ನೇರಳೆ ಹೂವಿನ ಕಾಲದಲ್ಲಿ ಸಿಗುವ, ತುಸು ಕಹಿ ಬೆರೆತ ಕಪ್ಪು ಜೇನನ್ನು ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಕೇಳಿ ಕೊಳ್ಳುವವರಿದ್ದಾರೆ. ಆ ಜೇನಿನ ರುಚಿಯಲ್ಲಿ ಕಹಿ ಇರುವುದು ನಿಜ. ಆದರೆ ಕಹಿ ಎಂದರೆ ಸಕ್ಕರೆ ಇಲ್ಲವೆಂದು ಅರ್ಥವಲ್ಲ. ಕಹಿ ಕೊಡುವ ಸಂಯುಕ್ತಗಳ ಪ್ರಮಾಣ ಅತ್ಯಲ್ಪವಾಗಿದ್ದು, ಜೇನಿನ ಐದರಲ್ಲಿ ನಾಲ್ಕು ಪಾಲು ಎಂದಿನಂತೆ ಸಕ್ಕರೆಯೇ ಆಗಿರುತ್ತದೆ.

ಪ್ರಯೋಗಾಲಯದಲ್ಲಿ ಕಂಡದ್ದು

ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮ್ಯಾಕ್ರೋಫೇಜ್‌ಗಳಿಗೆ ಬ್ಯಾಕ್ಟೀರಿಯಾದ ಹೊರಪೊರೆಯ ಅಂಶವನ್ನು ಹಾಕಿದರೆ ಅವು ಕೆರಳಿ ಟಿಎನ್‌ಎಫ್-ಆಲ್ಫಾ ಮತ್ತು ಇಂಟರ್‌ಲ್ಯೂಕಿನ್-6 ಅನ್ನು ಸುರಿಸುತ್ತವೆ. ಮೊದಲೇ ಕ್ರೈಸಿನ್ ಅಥವಾ ಕ್ವೆರ್ಸೆಟಿನ್ ಬೆರೆಸಿದ್ದರೆ ಆ ಸುರಿತ ಕಡಿಮೆಯಾಗುತ್ತದೆ. ಎನ್‌ಎಫ್-ಕಪ್ಪಾ-ಬಿಯನ್ನು ಕಟ್ಟಿಹಾಕಿರುವ ಪ್ರೋಟೀನ್ ಸುಲಭಕ್ಕೆ ಒಡೆಯುವುದಿಲ್ಲ ಎಂಬುದು ಇದಕ್ಕೆ ಒಂದು ಕಾರಣ. ಇದೇ ಸಂಯುಕ್ತಗಳು ಎನ್‌ಆರ್‌ಎಫ್-2 ಎಂಬ ಇನ್ನೊಂದು ಪ್ರೋಟೀನನ್ನು ಎಬ್ಬಿಸುತ್ತವೆ; ಅದು ಕೋಶದ ಸ್ವಂತ ಉತ್ಕರ್ಷಣ ನಿರೋಧಕ ಕಿಣ್ವಗಳನ್ನು ಹೆಚ್ಚಿಸುತ್ತದೆ. ಹಾಗಾಗಿ, ಪಾಲಿಫಿನಾಲ್ ತಾನೇ ಹೋಗಿ ಹಾನಿಕಾರಕ ಕಣಗಳನ್ನು ನುಂಗುತ್ತದೆ ಎಂಬ ಜನಪ್ರಿಯ ಚಿತ್ರಣಕ್ಕಿಂತ, ಅದು ಕೋಶದ ಅಗ್ನಿಶಾಮಕ ದಳವನ್ನು ಎಚ್ಚರಿಸುತ್ತದೆ ಎಂಬುದು ಸತ್ಯಕ್ಕೆ ಹೆಚ್ಚು ಹತ್ತಿರ. ಕೆಲವು ಫ್ಲೇವನಾಯ್ಡ್‌ಗಳು ಕರುಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವಗಳನ್ನೂ ನಿಧಾನಿಸುತ್ತವೆ. ಅಕಾರ್ಬೋಸ್ ಎಂಬ ಮಧುಮೇಹದ ಮಾತ್ರೆ ಕೆಲಸ ಮಾಡುವುದು ಇದೇ ದಾರಿಯಲ್ಲಿ.

ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮಲೇಷ್ಯಾದ ತುವಾಲಂಗ್ ಜೇನಿನ ಕೆಲಸ ಹೆಚ್ಚು ಪರಿಚಿತ. ಮಳೆಕಾಡಿನ ಎತ್ತರದ ತುವಾಲಂಗ್ ಮರಗಳಲ್ಲಿ ಗೂಡು ಕಟ್ಟುವ ಆ ನೊಣ ಬೇರಾವುದೂ ಅಲ್ಲ, ನಮ್ಮ ಬಂಡೆಗಳಲ್ಲೂ ಮಹಡಿ ಕಟ್ಟಡಗಳಲ್ಲೂ ತೂಗುವ ಹೆಜ್ಜೇನೇ. ಮಲೇಷ್ಯಾ ವಿಜ್ಞಾನ ವಿಶ್ವವಿದ್ಯಾಲಯದ ಸಂಶೋಧಕರು ಸ್ಟ್ರೆಪ್ಟೋಜೋಟೋಸಿನ್ ಎಂಬ ರಾಸಾಯನಿಕದಿಂದ ಇಲಿಗಳ ಬೀಟಾ ಕೋಶಗಳನ್ನು ಹಾಳುಮಾಡಿ ಮಧುಮೇಹ ಬರಿಸಿದರು. ಬಳಿಕ ಈ ಜೇನನ್ನು ಮೆಟ್‌ಫಾರ್ಮಿನ್ ಅಥವಾ ಗ್ಲಿಬೆನ್‌ಕ್ಲಮೈಡ್ ಔಷಧದೊಂದಿಗೆ ಕೊಟ್ಟಾಗ, ಬರೀ ಔಷಧ ಪಡೆದ ಇಲಿಗಳಿಗಿಂತ ರಕ್ತದ ಸಕ್ಕರೆ ಉತ್ತಮಗೊಂಡಿತು, ಮೇದೋಜೀರಕದ ಉತ್ಕರ್ಷಣ ಒತ್ತಡ ತಗ್ಗಿತು ಎಂದು 2010 ಮತ್ತು 2011ರಲ್ಲಿ ವರದಿ ಮಾಡಿದರು. ಇವು ಹುರುಪು ತರುವ ಫಲಿತಾಂಶಗಳು. ಆದರೆ ರಾಸಾಯನಿಕದಿಂದ ಏಕಾಏಕಿ ಬೀಟಾ ಕೋಶ ಕಳೆದುಕೊಂಡ ಎಳೆಯ ಇಲಿಗೂ, ಇಪ್ಪತ್ತು ವರ್ಷಗಳಲ್ಲಿ ನಿಧಾನವಾಗಿ ಇನ್ಸುಲಿನ್ ಪ್ರತಿರೋಧ ಬೆಳೆಸಿಕೊಂಡ ಐವತ್ತರ ಮನುಷ್ಯನಿಗೂ ಬಹಳ ಅಂತರವಿದೆ.

ಎಷ್ಟು ತಿಂದರೆ ಎಷ್ಟು ತಲುಪುತ್ತದೆ

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳಿರುವುದು ಇಲ್ಲಿ, ಪ್ರಮಾಣದ ಲೆಕ್ಕದಲ್ಲಿ. ಒಂದು ಕಿಲೋ ಜೇನಿನಲ್ಲಿ ಪಾಲಿಫಿನಾಲ್ ಸಾಮಾನ್ಯವಾಗಿ ಕೆಲವು ನೂರು ಮಿಲಿಗ್ರಾಂ ಇರುತ್ತದೆ. ಉದಾರವಾಗಿ ಲೆಕ್ಕ ಹಾಕಿ, ಗಾಢ ಬಣ್ಣದ ಒಳ್ಳೆಯ ಜೇನಿನಲ್ಲಿ ಸಾವಿರ ಮಿಲಿಗ್ರಾಂ ಇದೆಯೆಂದೇ ಇಟ್ಟುಕೊಳ್ಳೋಣ. ಊಟದ ಚಮಚದ ಒಂದು ಅಳತೆ, ಅಂದರೆ 20 ಗ್ರಾಂ ಜೇನು ತಿಂದರೆ 20 ಮಿಲಿಗ್ರಾಂ ಪಾಲಿಫಿನಾಲ್ ಹೊಟ್ಟೆ ಸೇರುತ್ತದೆ. ಅದರ ಜೊತೆಗೇ 16,000 ಮಿಲಿಗ್ರಾಂ ಸಕ್ಕರೆಯೂ ಸೇರುತ್ತದೆ. ಒಂದು ಪಾಲು ಸಂಯುಕ್ತಕ್ಕೆ ಎಂಟುನೂರು ಪಾಲು ಸಕ್ಕರೆ. ಸಕ್ಕರೆ ಹಾಕದ ಒಂದು ಲೋಟ ಕಾಫಿಯಲ್ಲಿ ನೂರು ಮಿಲಿಗ್ರಾಂಗೂ ಹೆಚ್ಚು ಪಾಲಿಫಿನಾಲ್ ಇರುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ಪಾಲಿಫಿನಾಲ್‌ಗಾಗಿ ಜೇನನ್ನು ಆಶ್ರಯಿಸುವುದು ಎಷ್ಟು ದುಬಾರಿ ದಾರಿ ಎಂಬುದು ಅರ್ಥವಾಗುತ್ತದೆ.

ಹೊಟ್ಟೆ ಸೇರಿದ್ದೆಲ್ಲ ರಕ್ತ ಸೇರುವುದಿಲ್ಲ ಎಂಬುದು ಮುಂದಿನ ತೊಡಕು. ಕ್ರೈಸಿನ್‌ನದೇ ಉದಾಹರಣೆ ತೆಗೆದುಕೊಳ್ಳೋಣ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 7 ಸ್ವಯಂಸೇವಕರಿಗೆ ಶುದ್ಧ ಕ್ರೈಸಿನ್ 400 ಮಿಲಿಗ್ರಾಂ ನುಂಗಿಸಲಾಯಿತು. ಕಿಲೋಗಟ್ಟಲೆ ಜೇನು ತಿಂದರೂ ಇಷ್ಟು ಕ್ರೈಸಿನ್ ಸಿಗುವುದಿಲ್ಲ. ಆದರೂ ಅವರ ರಕ್ತದ್ರವದಲ್ಲಿ ಅದು ಗರಿಷ್ಠ ಮಟ್ಟ ಮುಟ್ಟಿದಾಗ ಪ್ರತಿ ಮಿಲಿಲೀಟರ್‌ಗೆ ಕಂಡದ್ದು 3ರಿಂದ 16 ನ್ಯಾನೋಗ್ರಾಂ ಮಾತ್ರ. ಕರುಳು ಮತ್ತು ಯಕೃತ್ತು ಅದನ್ನು ಹೊರಗಿನ ಪದಾರ್ಥವೆಂದು ಗುರುತಿಸಿ, ಬೇರೆ ಅಣುಗಳನ್ನು ಅಂಟಿಸಿ, ಸಾಗಹಾಕಿಬಿಟ್ಟಿದ್ದವು. ಇತ್ತ ಗಾಜಿನ ತಟ್ಟೆಯ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವ ಸಾಂದ್ರತೆ ಮಿಲಿಲೀಟರ್‌ಗೆ 2,500 ನ್ಯಾನೋಗ್ರಾಂ ಅಥವಾ ಅದಕ್ಕೂ ಹೆಚ್ಚು. ತಟ್ಟೆಯಲ್ಲಿ ಕಂಡ ಪರಿಣಾಮಕ್ಕೂ ರಕ್ತದಲ್ಲಿ ಸಿಗುವ ಪ್ರಮಾಣಕ್ಕೂ ನೂರಾರು ಪಟ್ಟು ವ್ಯತ್ಯಾಸ.

ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ರಕ್ತ ಸೇರದ ಪಾಲಿಫಿನಾಲ್‌ಗಳು ದೊಡ್ಡಕರುಳನ್ನು ತಲುಪುತ್ತವೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅವುಗಳನ್ನು ಒಡೆದು ಚಿಕ್ಕ ಆಮ್ಲಗಳನ್ನಾಗಿ ಮಾಡುತ್ತವೆ, ಆ ಆಮ್ಲಗಳು ರಕ್ತಕ್ಕೆ ಸುಲಭವಾಗಿ ಸೇರುತ್ತವೆ. ಉರಿಯೂತದ ಮೇಲಿನ ಪ್ರಭಾವ ಮೂಲ ಸಂಯುಕ್ತದ್ದಾಗಿರದೆ ಈ ಮರಿ ಅಣುಗಳದ್ದಾಗಿರಬಹುದು ಎಂಬ ದಿಕ್ಕಿನಲ್ಲಿ ಕೆಲಸ ನಡೆಯುತ್ತಿದೆ.

ಮನುಷ್ಯರ ಮೇಲಿನ ಪರೀಕ್ಷೆಗಳು ಹೇಳುವುದೇನು

ಇರಾನಿನಲ್ಲಿ ಟೈಪ್-2 ಮಧುಮೇಹವುಳ್ಳ 48 ಜನರ ಮೇಲೆ ಎಂಟು ವಾರಗಳ ಪರೀಕ್ಷೆ ನಡೆದು, 2009ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಜೇನು ತಿಂದವರ ತೂಕ ಮತ್ತು ಕೆಟ್ಟ ಕೊಲೆಸ್ಟ್ರಾಲ್ ಇಳಿದವು. ಆದರೆ ಎಚ್‌ಬಿಎ1ಸಿ ಏರಿತು. ಅದೇ ದೇಶದ ಮತ್ತೊಂದು ತಂಡ 2019ರಲ್ಲಿ ದಿನಕ್ಕೆ 50 ಗ್ರಾಂ ಜೇನು ಕೊಟ್ಟು ಮಾಡಿದ ಪರೀಕ್ಷೆಯಲ್ಲೂ ಎಚ್‌ಬಿಎ1ಸಿ ಏರಿತು. ಮಧುಮೇಹಿಗಳ ಮೇಲೆ ನೇರವಾಗಿ ಮಾಡಿದ ಈ ಎರಡು ಪರೀಕ್ಷೆಗಳನ್ನು, ಜೇನಿನ ಗುಣಗಾನ ಮಾಡುವ ಬರಹಗಳು ಬಹುತೇಕ ಹೇಳದೆ ಬಿಡುವುದು ಸರಿಯಲ್ಲ.

ಸಕ್ಕರೆಗಿಂತ ಜೇನು ಉತ್ತಮವೇ ಎಂಬ ಪ್ರಶ್ನೆಯನ್ನು ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು 2015ರಲ್ಲಿ ನೇರವಾಗಿ ಎತ್ತಿಕೊಂಡರು. 55 ಜನರಿಗೆ ಸರದಿಯ ಮೇಲೆ ಜೇನು, ಸಕ್ಕರೆ ಮತ್ತು ಜೋಳದ ಸಿಹಿಪಾಕವನ್ನು ಎರಡೆರಡು ವಾರ ಕೊಟ್ಟು ನೋಡಿದರು. ಪ್ರತಿ ಸಲವೂ ದಿನಕ್ಕೆ 50 ಗ್ರಾಂ ಕಾರ್ಬೋಹೈಡ್ರೇಟ್ ಸಿಗುವಂತೆ ಅಳತೆ ಇತ್ತು. ರಕ್ತದ ಸಕ್ಕರೆಯಲ್ಲಾಗಲಿ ಉರಿಯೂತದ ಸೂಚಕದಲ್ಲಾಗಲಿ ಮೂರರ ನಡುವೆ ಎದ್ದುಕಾಣುವ ವ್ಯತ್ಯಾಸ ಸಿಗಲಿಲ್ಲ.

ಜೇನಿನ ಪರವಾಗಿ ಹೆಚ್ಚು ಉಲ್ಲೇಖವಾಗುವುದು ಟೊರಾಂಟೊ ವಿಶ್ವವಿದ್ಯಾಲಯದ ತಂಡ 2022ರಲ್ಲಿ ಪ್ರಕಟಿಸಿದ ಸಮಗ್ರ ವಿಶ್ಲೇಷಣೆ. 18 ಪರೀಕ್ಷೆಗಳ 1,105 ಜನರ ಮಾಹಿತಿಯನ್ನು ಒಟ್ಟುಗೂಡಿಸಿದಾಗ, ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಕೊಲೆಸ್ಟ್ರಾಲ್‌ನಲ್ಲಿ ಸಣ್ಣ ಸುಧಾರಣೆ ಕಂಡಿತು. ಕಾಯಿಸದ ಜೇನು ಮತ್ತು ಒಂದೇ ಬಗೆಯ ಹೂವಿನ ಜೇನಿನಲ್ಲಿ ಈ ಸುಧಾರಣೆ ಹೆಚ್ಚು ಸ್ಪಷ್ಟವಾಗಿತ್ತು. ಸುದ್ದಿಯಾದದ್ದು ಇಷ್ಟು. ಸುದ್ದಿಯಾಗದೆ ಉಳಿದ ಮಾತುಗಳು ಎರಡು. ಭಾಗವಹಿಸಿದವರಲ್ಲಿ ಬಹುಪಾಲು ಜನ ಆರೋಗ್ಯವಂತರು, ಒಟ್ಟಾರೆ ಸಕ್ಕರೆಯನ್ನು ಮಿತವಾಗಿ ತಿನ್ನುತ್ತಿದ್ದವರು. ಮತ್ತು, ಉರಿಯೂತದ ಸೂಚಕಗಳಾದ ಇಂಟರ್‌ಲ್ಯೂಕಿನ್-6 ಹಾಗೂ ಟಿಎನ್‌ಎಫ್-ಆಲ್ಫಾ ಇಳಿಯಲಿಲ್ಲ, ತುಸು ಏರಿದ್ದವು. ಪ್ರಯೋಗಾಲಯದ ತಟ್ಟೆಯಲ್ಲಿ ತಗ್ಗಿದ್ದ ಅದೇ ಎರಡು ಪದಾರ್ಥಗಳು ಮನುಷ್ಯರಲ್ಲಿ ಮೇಲಕ್ಕೆ ಸರಿದವು.

ಈ ಏರಿಕೆಯನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಜೇನು ಒಂದೇ ಪದಾರ್ಥವಲ್ಲ, ನೂರಾರು ಪದಾರ್ಥಗಳ ಬೆರಕೆ. ಅದರ ಫ್ಲೇವನಾಯ್ಡ್‌ಗಳು ಬಿಳಿ ರಕ್ತಕಣಗಳನ್ನು ಶಾಂತಗೊಳಿಸಿದರೆ, ಅದರಲ್ಲೇ ಇರುವ ಕೆಲವು ಪ್ರೋಟೀನಿನ ಅಂಶಗಳು ಅವೇ ಕಣಗಳನ್ನು ಟಿಎನ್‌ಎಫ್-ಆಲ್ಫಾ ಬಿಡುವಂತೆ ಪ್ರಚೋದಿಸುತ್ತವೆ. ಗಾಯದ ಸಂಶೋಧನೆಯಲ್ಲಿ ಇದು 2000ದ ದಶಕದಲ್ಲೇ ಕಂಡುಬಂದಿತ್ತು. ಗಾಯದ ಮೇಲೆ ಈ ಪ್ರಚೋದನೆ ಉಪಕಾರಿ. ಒಂದು ಸಂಯುಕ್ತವನ್ನು ಬೇರ್ಪಡಿಸಿ ನೋಡಿದ ಫಲವನ್ನು ಇಡೀ ಜೇನಿಗೆ ಹಚ್ಚಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ.

ಮನುಕಾ ಮತ್ತು ಮಿಸ್ರಿ

ನ್ಯೂಜಿಲೆಂಡಿನ ಮನುಕಾ ಜೇನು ದುಬಾರಿ ಬೆಲೆಗೆ ಇಲ್ಲಿಯೂ ಮಾರಾಟವಾಗುತ್ತದೆ. ಅದರ ಬ್ಯಾಕ್ಟೀರಿಯಾ ನಾಶಕ ಗುಣಕ್ಕೆ ಮೀಥೈಲ್‌ಗ್ಲೈಆಕ್ಸಾಲ್ ಕಾರಣವೆಂದು 2008ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ಸಂಶೋಧಕರು ತೋರಿಸಿದರು. ಮಧುಮೇಹದ ದೃಷ್ಟಿಯಿಂದ ಇದು ಯೋಚಿಸಬೇಕಾದ ಸಂಗತಿ. ಏಕೆಂದರೆ ಮೇಲೆ ಹೋಳಿಗೆಯ ಉದಾಹರಣೆಯಲ್ಲಿ ಹೇಳಿದ ಬೆಸುಗೆಯ ಪದಾರ್ಥಗಳನ್ನು ಮಧುಮೇಹಿಗಳ ದೇಹದಲ್ಲಿ ಹುಟ್ಟಿಸುವ ಪ್ರಮುಖ ಅಣುಗಳಲ್ಲಿ ಮೀಥೈಲ್‌ಗ್ಲೈಆಕ್ಸಾಲ್ ಕೂಡ ಒಂದು. ತಿಂದ ಮೀಥೈಲ್‌ಗ್ಲೈಆಕ್ಸಾಲ್ ಬಹುಪಾಲು ಕರುಳಿನಲ್ಲೇ ಬದಲಾಗಿಹೋಗುತ್ತದೆಯಾದ್ದರಿಂದ ಭಯಪಡಬೇಕಿಲ್ಲ. ಆದರೆ ಗಾಯಕ್ಕೆ ಒಳ್ಳೆಯದೆಂದು ಹೆಸರಾದ ಜೇನು ಮಧುಮೇಹಕ್ಕೂ ಒಳ್ಳೆಯದೆಂದು ಭಾವಿಸಲು ಕಾರಣವಿಲ್ಲ.

ಹೆಚ್ಚು ಕುತೂಹಲಕರವಾದದ್ದು ಕಡ್ಡಿ ಚುಚ್ಚಿದಷ್ಟು ಸಣ್ಣ ಬಾಯಿಯ ಗೂಡು ಕಟ್ಟುವ, ಕಚ್ಚಲು ಮುಳ್ಳಿಲ್ಲದ ನೊಣಗಳ ಜೇನು. ನಾವು ಮಿಸ್ರಿ ಅಥವಾ ನಸರಿ ಎಂದೂ, ತುಳುನಾಡಿನವರು ಮುಜಂಟಿ ಎಂದೂ ಕರೆಯುವ ನೊಣ ಈ ಬಳಗದ್ದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಆಸ್ಟ್ರೇಲಿಯಾ, ಮಲೇಷ್ಯಾ ಮತ್ತು ಬ್ರೆಜಿಲ್‌ನ ಮುಳ್ಳಿಲ್ಲದ ನೊಣಗಳ ಜೇನಿನಲ್ಲಿ ಟ್ರೆಹಾಲುಲೋಸ್ ಎಂಬ ಅಪರೂಪದ ಸಕ್ಕರೆ ಪ್ರಧಾನವಾಗಿರುವುದನ್ನು ಕಂಡುಹಿಡಿಯಿತು. ಇದೂ ಗ್ಲೂಕೋಸ್ ಮತ್ತು ಫ್ರಕ್ಟೋಸ್‌ನ ಜೋಡಿಯೇ. ಆದರೆ ಅವೆರಡರ ನಡುವಿನ ಕೊಂಡಿ ಬೇರೆ ರೀತಿಯದಾದ್ದರಿಂದ ಕರುಳಿನಲ್ಲಿ ನಿಧಾನವಾಗಿ ಒಡೆಯುತ್ತದೆ, ರಕ್ತದ ಸಕ್ಕರೆ ಮೆಲ್ಲಗೆ ಏರುತ್ತದೆ. ಪರೀಕ್ಷಿಸಲಾದ ಆಸ್ಟ್ರೇಲಿಯಾದ ನೊಣಗಳು ನಮ್ಮ ಮಿಸ್ರಿ ನೊಣದ ಕುಲಕ್ಕೇ ಸೇರಿದವು. ಒಂದು ಗೂಡಿನಿಂದ ವರ್ಷಕ್ಕೆ ಕೆಲವು ನೂರು ಗ್ರಾಂ ಮಾತ್ರ ಸಿಗುವ ಈ ಜೇನು ಔಷಧವೆಂದೇ ಮನೆಗಳಲ್ಲಿ ಉಳಿದುಬಂದಿದೆ.

ಬಾಟಲಿಯಲ್ಲಿರುವುದು ಜೇನೇ?

ಸಂಶೋಧಕರು ಬಳಸುವುದು ಮೂಲ ಗೊತ್ತಿರುವ ಜೇನು. ಅಂಗಡಿಯ ಬಾಟಲಿಯ ವಿಷಯ ಬೇರೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2020ರ ಡಿಸೆಂಬರಿನಲ್ಲಿ 13 ಬ್ರ್ಯಾಂಡುಗಳ ಜೇನನ್ನು ಜರ್ಮನಿಯ ಪ್ರಯೋಗಾಲಯದ ಪರೀಕ್ಷೆಯೂ ಸೇರಿದಂತೆ ಹಲವು ಪರೀಕ್ಷೆಗಳಿಗೆ ಒಡ್ಡಿದಾಗ ಎಲ್ಲದರಲ್ಲೂ ಉತ್ತೀರ್ಣವಾದವು 3 ಮಾತ್ರ ಎಂದು ಹೇಳಿತು. ಕಂಪನಿಗಳು ಈ ಆರೋಪವನ್ನು ನಿರಾಕರಿಸಿದವು. ಅಕ್ಕಿ ಮೊದಲಾದವುಗಳಿಂದ ತಯಾರಿಸಿದ ಸಕ್ಕರೆ ಪಾಕ ಬೆರೆತಷ್ಟೂ ಪಾಲಿಫಿನಾಲ್ ತೆಳುವಾಗುತ್ತದೆ. ಅತಿಯಾಗಿ ಕಾಯಿಸಿದರೆ ಕಿಣ್ವಗಳು ನಾಶವಾಗುತ್ತವೆ. ಮನೆಯಲ್ಲಿ ನೀರಿಗೆ ಹನಿ ಹಾಕಿ, ಬೆಂಕಿ ಹಚ್ಚಿ ನೋಡುವ ಪರೀಕ್ಷೆಗಳಿಂದ ಇಂತಹ ಕಲಬೆರಕೆ ಪತ್ತೆಯಾಗುವುದಿಲ್ಲ.

ಗಾಯದ ಮೇಲೆ ಜೇನು

ಮಧುಮೇಹಿಗಳ ಕಾಲಿನ ಹುಣ್ಣಿಗೆ ಜೇನು ಹಚ್ಚುವ ವಿಚಾರವನ್ನು ತಿನ್ನುವ ವಿಚಾರದಿಂದ ಬೇರೆಯಾಗಿಯೇ ನೋಡಬೇಕು. ಇಲ್ಲಿ ಜೇನು ನೇರವಾಗಿ ಜಾಗಕ್ಕೆ ತಲುಪುತ್ತದೆ. ಅದರ ಸಾಂದ್ರ ಸಕ್ಕರೆ ಬ್ಯಾಕ್ಟೀರಿಯಾಗಳ ನೀರನ್ನು ಹೀರುತ್ತದೆ, ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಸ್ವಲ್ಪ ಸ್ವಲ್ಪವೇ ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸುತ್ತದೆ. 26 ಪರೀಕ್ಷೆಗಳ 3,011 ಜನರ ಮಾಹಿತಿಯನ್ನು ಪರಿಶೀಲಿಸಿದ 2015ರ ಕಾಕ್ರೇನ್ (ಚಿಕಿತ್ಸೆಗಳ ಪುರಾವೆಗಳನ್ನು ಒಟ್ಟುಗೂಡಿಸಿ ತೂಗುವ ಅಂತಾರಾಷ್ಟ್ರೀಯ ಸಂಸ್ಥೆ) ವಿಮರ್ಶೆ ಕೆಲವು ಬಗೆಯ ಸುಟ್ಟಗಾಯಗಳು ಜೇನಿನಿಂದ ಬೇಗ ವಾಸಿಯಾಗುತ್ತವೆಂದು ಕಂಡುಕೊಂಡಿತು. ಮಧುಮೇಹದ ಕಾಲಿನ ಹುಣ್ಣಿನ ಬಗ್ಗೆ ಮಾತ್ರ ಖಚಿತವಾಗಿ ಹೇಳಲು ಪುರಾವೆ ಸಾಲದೆಂದಿತು. ಆಸ್ಪತ್ರೆಗಳಲ್ಲಿ ಬಳಸುವುದು ಗಾಮಾ ಕಿರಣಗಳಿಂದ ಶುದ್ಧೀಕರಿಸಿದ ಜೇನು. ಮನೆಯ ಜೇನಿನಲ್ಲಿ ಬ್ಯಾಕ್ಟೀರಿಯಾದ ಬೀಜಕಗಳಿರಬಹುದು. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಬಾರದೆನ್ನುವುದೂ ಇದೇ ಕಾರಣಕ್ಕೆ. ಸ್ಪರ್ಶಜ್ಞಾನ ಕುಂದಿದ ಪಾದದ ಹುಣ್ಣಿಗೆ ಮನೆಯಲ್ಲೇ ಜೇನು ಸವರಿ ಕಾಯುತ್ತ ಕುಳಿತರೆ ಕಾಲನ್ನೇ ಕಳೆದುಕೊಳ್ಳುವ ಅಪಾಯವಿದೆ.

ಲೆಕ್ಕದಲ್ಲಿ ಜೇನಿನ ಜಾಗ

ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಜೇನಿನ ಸಕ್ಕರೆಯನ್ನು ಬಿಳಿ ಸಕ್ಕರೆಯ ಜೊತೆಗೇ "ಮುಕ್ತ ಸಕ್ಕರೆ" ಎಂಬ ಗುಂಪಿಗೆ ಸೇರಿಸಿ, ಎಲ್ಲವೂ ಒಟ್ಟಾಗಿ ದಿನದ ಶಕ್ತಿಯ ಶೇ. 10ನ್ನು ಮೀರಬಾರದೆಂದು ಹೇಳಿದೆ. ಜೇನಿನ ಗ್ಲೈಸೆಮಿಕ್ ಸೂಚ್ಯಂಕ, ಅಂದರೆ ರಕ್ತದ ಸಕ್ಕರೆಯನ್ನು ಏರಿಸುವ ವೇಗದ ಅಳತೆ, ಸರಾಸರಿ 60ರ ಆಸುಪಾಸಿನಲ್ಲಿದ್ದು ಬಿಳಿ ಸಕ್ಕರೆಗಿಂತ ತುಸುವೇ ಕಡಿಮೆ. ಕೆಲವು ಜೇನುಗಳಲ್ಲಿ ಅದು ಇನ್ನೂ ಕಡಿಮೆ ಇರುವುದಕ್ಕೆ ಫ್ರಕ್ಟೋಸ್ ಹೆಚ್ಚಿರುವುದು ಕಾರಣ. ಫ್ರಕ್ಟೋಸ್ ಗ್ಲೂಕೋಮೀಟರಿನಲ್ಲಿ ಕಾಣಿಸುವುದಿಲ್ಲವಾದರೂ ಅತಿಯಾದರೆ ಯಕೃತ್ತಿನಲ್ಲಿ ಕೊಬ್ಬಾಗಿ ಕೂಡುತ್ತದೆ. ಚಹಾ ಚಮಚದ ಒಂದು ಅಳತೆ, ಸುಮಾರು 7 ಗ್ರಾಂ ಜೇನಿನಲ್ಲಿ 6 ಗ್ರಾಂ ಸಕ್ಕರೆ ಇರುತ್ತದೆ. ಮಧುಮೇಹವಿರುವವರು ಜೇನು ತಿನ್ನಲೇಬೇಕೆಂದರೆ, ಮೊದಲೇ ತಿನ್ನುತ್ತಿದ್ದ ಸಕ್ಕರೆಯ ಬದಲಿಗೆ, ಅದನ್ನು ಆ ದಿನದ ಲೆಕ್ಕಕ್ಕೆ ಸೇರಿಸಿಯೇ ತಿನ್ನಬೇಕು. ಸಕ್ಕರೆ ಬಿಟ್ಟವರು ಔಷಧವೆಂದು ಹೊಸದಾಗಿ ಶುರುಮಾಡಲು, ಅಥವಾ ಮಾತ್ರೆಯ ಜಾಗಕ್ಕೆ ಜೇನನ್ನು ತರಲು ಈವರೆಗಿನ ಪುರಾವೆಗಳಲ್ಲಿ ಆಧಾರವಿಲ್ಲ.

ಮಧುಮೇಹದ ಚಿಕಿತ್ಸೆಯಲ್ಲಿ ವೈದ್ಯರೇ ಜೇನನ್ನು ಹೆಸರಿಸುವ ಸಂದರ್ಭ ಒಂದಿದೆ. ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳ ಪರಿಣಾಮವಾಗಿ ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗೆ ಕುಸಿದು, ಬೆವರು, ನಡುಕ, ಮಂಕು ಶುರುವಾದಾಗ ತಕ್ಷಣ 15 ಗ್ರಾಂನಷ್ಟು ಸಕ್ಕರೆ ಹೊಟ್ಟೆ ಸೇರಬೇಕು; ಊಟದ ಚಮಚದ ಒಂದು ಅಳತೆ ಜೇನು ಅದಕ್ಕೆ ಸಾಕು. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಆ ಹೊತ್ತಿನಲ್ಲಿ ಜೇನು ನೆರವಿಗೆ ಬರುವುದು ಅದರ ಪಾಲಿಫಿನಾಲ್‌ಗಳಿಂದಲ್ಲ, ರಕ್ತದ ಸಕ್ಕರೆಯನ್ನು ಬೇಗನೆ ಏರಿಸುವ ಅದರ ಗುಣದಿಂದ.